ಎರಡನೇ ಕೀಲಿಕೈ

ತೀನ್ ಕಂದೀಲ್ ಹತ್ರ ತಗಡಿನ ಡಬ್ಬಿ ಅಂಗಡಿ ನಂದು.
ಗ್ವಾಡಿ ತುಂಬ ಜೋತುಬಿದ್ದಾವ
ಹಲ್ಲು ಮೂಡದ ಕೀಲಿಕೈ,
ಇನ್ನೂ ಯಾವ ಮನಿಯವೂ ಅಲ್ಲ.

ಗಂಜಿನ ಅಡತಿ ಅಂಗಡ್ಯಾಗ ಲೆಕ್ಕ ಬರಿಯೋ ನಾಗವೇಣಿ
ಗಲ್ಲಾಪೆಟ್ಟಿಗಿ ಕೀಲಿ ಬಿಚ್ಚಿ ಚೀಲದಾಗ ತಂದಿದ್ದಳು,
ಕೈ ಕಳಕೊಂಡ ಕೀಲಿ.
ಅರ ಹಾಕಾಕ ಕುಂತೆ.
ಆಕಿ ಕಣ್ಣು ನನ್ನ ಬಾಗಿಲ ಒಳಮೈಗೆ ಬಿತ್ತು:
ಸೀಮೆಸುಣ್ಣದಾಗ, ಹುಲಿಗೆಮ್ಮ ಒಂದು ಎರಡು ಮೂರು.

"ಹುಸೇನಪ್ಪ ಕಾಕಾ, ಇದೇನಿದು?"
ಪಾಸ್‌ವರ್ಡ್. ಮರೀತೀನಿ ಅಂತ ಬರದೀನಿ.
ನಕ್ಕಳು, ತಗಡು ಝಣ್ ಅನ್ನೂವಂಗ.
ಊರಿಗೆಲ್ಲ ಕೀಲಿ ಕೊಡಾಂವನ ಬಾಗಿಲು
ಹಾರು ಹೊಡದಿತ್ತು.

"ಪಾಸ್‌ಕೀ ಮಾಡ್ಕೊ" ಅಂದಳು.
ಕೀ ಅಂದ್ರ ನನ್ನ ಕಸುಬು. ಬಿಡಲಿಲ್ಲ, ಕೇಳಿದೆ:
ಎಷ್ಟು ಹಲ್ಲು?
"ಎಣಸಾಕ ಆಗಂಗಿಲ್ಲ."
ಎಲ್ಲಿರತೈತಿ?
"ಈ ಫೋನಿನ ಹೊಟ್ಟಿಯೊಳಗ. ಹೊರಗ ಬರಂಗಿಲ್ಲ.
ಆ ಕಡೆಯವರ ಹತ್ರ ಬರೇ ಕೀಲಿ ಇರತೈತಿ.
ಅವರೊಂದು ಒಗಟು ಒಗೀತಾರ,
ಇದು ಒಳಗ ಕುಂತೇ ಬಿಡಸಿ ಉತ್ತರ ಕಳಸತೈತಿ.
ಪ್ರತಿ ಸಲ ಒಗಟು ಬ್ಯಾರೆ."
ಯಾರಾರ ಅದರಂಗ ಖೊಟ್ಟಿ ಬಾಗಿಲ ತಂದು ನಿಲ್ಲಿಸಿದ್ರ?
"ನೀ ಮೋಸ ಹೋಗಬಹುದು ಕಾಕಾ, ಇದು ಹೋಗಂಗಿಲ್ಲ.
ಬಾಗಿಲ ಹೆಸರಿನ್ಯಾಗ ಒಂದಕ್ಷರ ತಪ್ಪಿದ್ರೂ
ಬಾಯೇ ಬಿಡಂಗಿಲ್ಲ."

ಅರ ನಿಂತಿತು ಕೈಯಾಗ.
ಹಂಗಾದ್ರ, ಸಬಕಾರದ ಮ್ಯಾಲೆ ಒತ್ತಿದ್ರೂ
ಅಚ್ಚು ಬೀಳಂಗಿಲ್ಲ?
"ಯಾವ ಸಬಕಾರ?"
ಏನಿಲ್ಲ ಬಿಡವ್ವ.

ಹದಿನೆಂಟು ವರ್ಷದ ಕೆಳಗ
ಅಂಗಡಿ ಮುಚ್ಚೋ ಹೊತ್ತಿಗೆ ಒಬ್ಬ ಬಂದಿದ್ದ.
ಅರಿವಿ ಬಿಚ್ಚಿದ: ಕೆಂಪು ಸಬಕಾರ,
ನಡುವ ಒಂದು ಕೀಲಿಕೈ
ಮಲಗಿ ಎದ್ದು ಹೋದ ಗುರುತು.
ಏನೂ ಕೇಳಲಿಲ್ಲ ನಾ.
ಮುನ್ನೂರು ರೂಪಾಯಿ.
ಮಗನಿಗೆ ಜ್ವರ ಇತ್ತು ಅಂತ ಈಗ ಹೇಳಬಹುದು.
ಇರಲಿಲ್ಲ.
ವಾರದ ಮ್ಯಾಲೆ ಮಂಗಳವಾರಪ್ಯಾಟ್ಯಾಗ ಒಂದು ಮನಿ,
ಕೀಲಿ ಮುರದಿಲ್ಲ, ಪೆಟ್ಟಿಗಿ ಖಾಲಿ.
ಕಸ ಹೊಡಿಯೋ ಹುಡುಗೀನ್ನ ಹಿಡಕೊಂಡು ಹೋದ್ರು.
ಕೀಲಿ ಮುರದಿಲ್ಲಂದ್ರ ಒಳಗಿನವರೇ, ಅಂದ್ರು ಜನ.
ಹೌದು ಅಂದೆ ನಾನೂ,
ಚಾ ಕುಡಕೋತ.

"ಬೆರಳಿಡು ಕಾಕಾ."
ಹೆಬ್ಬೆಟ್ಟು ಇಟ್ಟೆ. ಫೋನು ನಡುಗಿತು, ಒಲ್ಲೆ ಅಂತು.
ಅಂಗಿಗೆ ಒರಸಿ ಇಟ್ಟೆ. ಒಲ್ಲೆ.
ನಲವತ್ತು ವರ್ಷ ಅರ ತಿಂದ ಬೆರಳು.
ಕಂಡವರ ಕೀಲಿಕೈಗೆಲ್ಲ ಹಲ್ಲು ಕೊಟ್ಟು ಕೊಟ್ಟು
ತಾನು ಬೋಳಾಗಿ ಕುಂತೈತಿ,
ನಾನು ಯಾರು ಅಂತ ಹೇಳಾಕ ಅದರ ಹತ್ರ ಗೆರಿ ಇಲ್ಲ.
ತೋರಬೆರಳು? ಅದೂ ಒಲ್ಲೆ.
ಕಡೀಕ ಎಡಗೈ ಕಿರಿಬೆರಳು,
ಅರ ಮುಟ್ಟದ್ದು, ರೊಕ್ಕ ಎಣಸದ್ದು,
ಅವತ್ತು ಸುಮ್ಮನ ದೂರ ನಿಂತಿದ್ದು.
ಹಾಂ, ಅಂತು ಫೋನು.

ಗಲ್ಲಾದ ಕೀಲಿಕೈ ತಿರುವಿ ನೋಡಿ, ಎದ್ದಳು ನಾಗವೇಣಿ.
"ಇನ್ನೊಂದು ಫೋನಿನ್ಯಾಗೂ ಒಂದು ಮಾಡಿಡು.
ಇದು ಕಾಲುವ್ಯಾಗ ಬಿದ್ದು ಹೋದ್ರ?"
ದಿನಾ ಗಿರಾಕಿಗೆ ನಾ ಹೇಳೋ ಮಾತು:
ಎರಡು ಮಾಡಿಸ್ರಿ, ಒಂದು ನಂಬಿದವರ ಹತ್ರ ಇಡ್ರಿ.
ಎಂಬತ್ತು ಕೊಟ್ಟಳು. ಹತ್ತು ವಾಪಸ್ ಕೊಟ್ಟೆ.

ಬಾಗಿಲು ಒರಸಿದೆ ಹಸಿ ಅರಿವಿಲೆ.
ಒಂದು ಎರಡು ಮೂರು ಹೋತು,
ಹುಲಿಗೆ ಅನ್ನೂವಷ್ಟು ತುಕ್ಕಿನ ಮ್ಯಾಲೆ ಉಳೀತು.

ರಾತ್ರಿ ನಳ ಬಂದಿತ್ತು.
ಅರಿವಿ ಒಗಿಯಾಕ ಕುಂತಾಕಿನ್ನ ಕರದೆ,
ಈ ಎರಡನೇದು ನಿನ್ನ ಫೋನಿನ್ಯಾಗ ಇರಲಿ.
ಯಾತರದು ಅಂತ ಕೇಳಲಿಲ್ಲ ಹುಲಿಗೆಮ್ಮ.
ನನ್ನ ಏನೂ ಕೇಳಿದಾಕಿ ಅಲ್ಲ ಎಂದೂ.
ಸೆರಗಿಗೆ ಕೈ ಒರಸಿ ಬೆರಳಿಟ್ಟಳು,
ಮೊದಲ ಸಲಕ್ಕೇ ತೆರೀತು.

ಉಗುರಿನ ಸಂದ್ಯಾಗ ನೊರಿ ಇನ್ನೂ ಆರಿರಲಿಲ್ಲ.
ಸಬಕಾರದ ವಾಸನಿ.